ಸಂಬಳ ಸಿಗದ ಸಿಪಾಯಿ

‘ಸದ್ದಾಂ ಇದ್ದಾಗಲೇ ಇರಾಕ್ ಚೆನ್ನಾಗಿತ್ತು.’ ಹೊರದೇಶದ ಯುದ್ಧದ ಸುದ್ದಿ ಬಂದಾಗಲೆಲ್ಲ ನಂಜನಗೂಡಿನ ಹೋಟೆಲಿನಲ್ಲೂ ತಿ. ನರಸೀಪುರದ ಬಸ್ ನಿಲ್ದಾಣದಲ್ಲೂ ಕೇಳಿಬರುವ ಮಾತಿದು. ನಮಗೂ ಅಂಥವನೊಬ್ಬ ಬೇಕು ಎಂಬ ಆಸೆ ಇದರ ಬೆನ್ನಿಗೇ ಬರುತ್ತದೆ. ಈ ಲೆಕ್ಕ ತಪ್ಪು. ಅದನ್ನು ತಿಳಿಯಲು ಬಾಗ್ದಾದಿನವರೆಗೆ ಹೋಗಬೇಕಿಲ್ಲ, ನಂಜನಗೂಡಿನ ಪಕ್ಕದ ಕಳಲೆ ಸಾಕು.

ಕಳಲೆ ಮನೆತನದ ನಂಜರಾಜ ಮೈಸೂರಿನ ಅಧಿಕಾರವನ್ನೆಲ್ಲ ಹಿಡಿದಿದ್ದವನು. 1750ರ ದಶಕದಲ್ಲಿ ತಿರುಚಿರಾಪಳ್ಳಿಯ ಆಸೆಗೆ ಬಿದ್ದು ಬೊಕ್ಕಸ ಬರಿದು ಮಾಡಿದ. ಮೇಲೆ ಮರಾಠರ ದಾಳಿ. ಕೊನೆಗೆ ಸಂಬಳವಿಲ್ಲದ ಸಿಪಾಯಿಗಳು ಅವನ ಬಾಗಿಲಲ್ಲೇ ಧರಣಿ ಕೂತರು. ಬಾಕಿ ತೀರಿಸಿ ಸೈನ್ಯದ ಮನಸ್ಸು ಗೆದ್ದವನು ಹೈದರಾಲಿ. 1761ರಲ್ಲಿ, ತನಗೇ ತಿರುಗಿಬಿದ್ದ ತನ್ನ ದಿವಾನ ಖಂಡೇರಾಯನೆದುರು ನಂಜನಗೂಡಿನ ಬಳಿ ಸೋತಾಗ, ತಾನೇ ಮೂಲೆಗೆ ತಳ್ಳಿದ್ದ ನಂಜರಾಜನ ಮುಂದೆ ಹೋಗಿ ಕ್ಷಮೆ ಬೇಡಿದ. ಗೆದ್ದ ಮೇಲೆ ಅವನನ್ನೇ ಸೆರೆಯಲ್ಲಿಟ್ಟ.

ಆ ಕಾಲದ ರೈತ ಹೈದರನನ್ನೇ ಬಯಸಿದ್ದರೆ ಅವನನ್ನು ಹಳಿಯಲಾಗದು. ಬಿತ್ತಿದ್ದನ್ನು ಕೊಯ್ಯುತ್ತೇನೆಂಬ ಭರವಸೆಯೇ ಇಲ್ಲದವನಿಗೆ ಸ್ವಾತಂತ್ರ್ಯದ ಮಾತು ರುಚಿಸುವುದಿಲ್ಲ. ಕಣ್ಣೆದುರು ಊರು ಸುಟ್ಟುಹೋದದ್ದನ್ನು ಕಂಡವರ ವಾದವಿದು, ಇದಕ್ಕೆ ತೂಕವಿದೆ. ಸರ್ವಾಧಿಕಾರವಿದ್ದರೆ ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ ಎನ್ನುವವರ ವಾದಕ್ಕೆ ಅದಿಲ್ಲ.

ಆದರೆ ಬಲಿಷ್ಠ ದೊರೆ ಶಾಂತಿ ತಂದನೇ? 1767ರಿಂದ 1799ರೊಳಗೆ ಇಂಗ್ಲಿಷರೊಂದಿಗೇ ನಾಲ್ಕು ಯುದ್ಧ. 1792ರಲ್ಲಿ ಅರ್ಧ ರಾಜ್ಯ ಹೋಯಿತು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಹೈದರನ ಮಗ ಟಿಪ್ಪು ನಂಜುಂಡೇಶ್ವರನಿಗೆ ಪಚ್ಚೆಲಿಂಗ ಒಪ್ಪಿಸಿದ ನೆನಪನ್ನು ನಂಜನಗೂಡು ಇಂದಿಗೂ ಪ್ರೀತಿಯಿಂದ ಉಳಿಸಿಕೊಂಡಿದೆ. ಆ ಪ್ರೀತಿ ನಿಜವೇ. 1799ರ ಮಾರ್ಚಿನಲ್ಲಿ ಶತ್ರುವಿಗೆ ಸಿಗಬಾರದೆಂದು ದಾರಿಯ ಮೇವನ್ನೆಲ್ಲ ಅವನ ಪಡೆ ಸುಟ್ಟದ್ದೂ ಅಷ್ಟೇ ನಿಜ. ಇಂಗ್ಲಿಷರ ಸೇನಾಪತಿ ಜನರಲ್ ಹ್ಯಾರಿಸ್ ಆ ದಾರಿ ಬಿಟ್ಟು ತಿ. ನರಸೀಪುರ ಸೀಮೆಯ ಸೋಸಲೆಯಲ್ಲಿ ಕಾವೇರಿ ದಾಟಿದ. ಸುಟ್ಟ ಮೇವು ಯಾರ ದನದ್ದು? ಬೇಡ ಎನ್ನುವ ಹಕ್ಕು ಆ ದನದ ಒಡೆಯನಿಗಿರಲಿಲ್ಲ.

ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮುಂದೇನಾಯಿತೆಂಬುದೇ ಇಲ್ಲಿ ಮುಖ್ಯ. ಸೋತ ಸುಲ್ತಾನನ ಮಂತ್ರಿ ಪೂರ್ಣಯ್ಯನೇ ಹೊಸ ಆಡಳಿತದ ದಿವಾನನಾಗಿ 1811ರವರೆಗೆ ರಾಜ್ಯ ನಡೆಸಿದ. ಕೆರೆ ಕಾಲುವೆಗಳ ದುರಸ್ತಿಗೆ ಕೈಹಾಕಿದ. ಇಂಗ್ಲಿಷರಿಗೆ ವರ್ಷಕ್ಕೆ 7 ಲಕ್ಷ ವರಹದ ಭಾರ ಹೊತ್ತೂ ಸೀಮೆ ಕುಸಿಯಲಿಲ್ಲ. ಇರಾಕಿನಲ್ಲಿ ಇದಕ್ಕೆ ತದ್ವಿರುದ್ಧವಾಯಿತು. 2003ರ ಮೇ ತಿಂಗಳಲ್ಲಿ ಅಮೆರಿಕ ನೇಮಿಸಿದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಮೊದಲು ಸದ್ದಾಂನ ಬಾಥ್ ಪಕ್ಷದ ಅಧಿಕಾರಿಗಳನ್ನು ಹೊರಹಾಕಿದ, ಒಂದು ವಾರದಲ್ಲಿ ಸೈನ್ಯವನ್ನೇ ವಿಸರ್ಜಿಸಿದ. ಬಂದೂಕು ಬಲ್ಲ ಲಕ್ಷಾಂತರ ಜನ ಕೂಳಿಲ್ಲದೆ ಬೀದಿಗೆ ಬಿದ್ದರು. ಬಾಗ್ದಾದ್ ಉರಿದದ್ದು ಸದ್ದಾಂ ಇಲ್ಲದ್ದಕ್ಕಲ್ಲ. ಅವನು ತನ್ನ ಹೊರತು ಇನ್ನೇನನ್ನೂ ಬೆಳೆಯಗೊಡಲಿಲ್ಲ. ಬಂದವರು ಇದ್ದಷ್ಟನ್ನೂ ಕಿತ್ತುಹಾಕಿದರು.

ಮೈಸೂರಿಗೂ ಆ ಅಪಾಯ ಬಂದಿತ್ತು. ಕೆಲಸ ಕಳೆದುಕೊಂಡ ಟಿಪ್ಪುವಿನ ಸಿಪಾಯಿಗಳು ಬಂಡಾಯಗಾರ ಧೋಂಡಿಯಾ ವಾಘನ ಬಳಿ ಸೇರಿದರು. ಅವನನ್ನು ಮುಗಿಸಲು 1800ರ ಸೆಪ್ಟೆಂಬರ್‌ವರೆಗೆ ಬೇಕಾಯಿತು. ಅಷ್ಟರೊಳಗೆ ಪೂರ್ಣಯ್ಯ ಸಿಲೇದಾರ್ ಕುದುರೆ ಪಡೆ ಕಟ್ಟತೊಡಗಿದ್ದ, ಸವಾರರ ಹೆಸರು ಸಂಬಳದ ಪಟ್ಟಿಗೆ ಸೇರತೊಡಗಿತ್ತು.