ಗ್ರೀಕರ ರಾಕ್ಷಸನೂ ಕನ್ನಡ ಮಾತಾಡಿದ್ದ!



'ಕನ್ನಡದಲ್ಲಿ ಓದೋಕೆ ಏನಿದೆ ಗುರೂ?' ಬೆಂಗಳೂರಿನ ಕಾಲೇಜು ಕಟ್ಟೆಗಳ ಮೇಲೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. 2005ರಲ್ಲಿ ಶುರುವಾದ ಪರ್ಸಿ ಜಾಕ್ಸನ್ ಸರಣಿಯನ್ನು ಇಂಗ್ಲಿಷಿನಲ್ಲಿ ಓದಿ ಬೆಳೆದವರು ನೀವು. ಜ್ಯೂಸ್, ಪೊಸೈಡನ್, ಮೆಡೂಸಾ ಎಲ್ಲರೂ ನಿಮಗೆ ಪರಿಚಯ. ಓದಿ, ಬೇಡ ಅನ್ನುವವರು ನಾವಲ್ಲ. ಆದರೆ ಗ್ರೀಕರ ಕಥೆ ಇಂಗ್ಲಿಷ್ ಬಸ್ಸು ಹತ್ತಿಯೇ ನಮ್ಮೂರಿಗೆ ಬರಬೇಕು ಅಂತ ಹೇಳಿದವರು ಯಾರು?

ಹುಳಿಯಾರಿನಲ್ಲಿ ಬೆಳೆದ ನನಗೆ ಆ ಕಥೆ ಸಿಕ್ಕಿದ್ದು ಕನ್ನಡದಲ್ಲೇ. ತಂದುಕೊಟ್ಟದ್ದು ಚಂದಮಾಮ. ನಮ್ಮ ಕಡೆ ಕೊಬ್ಬರಿಗೆಂದು ಬಿಟ್ಟ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿರುತ್ತದೆ. ಆ ಕಾಯಿ ರಾಶಿಯ ಪಕ್ಕದಲ್ಲೇ ಹಳೆಯ ಚಂದಮಾಮಗಳ ಕಟ್ಟೂ ಇತ್ತು. ಹೋಮರನ 'ಒಡಿಸ್ಸಿ' ಅಲ್ಲಿ ರೂಪಧರನ ಯಾತ್ರೆಯ ಕಥೆಯಾಗಿತ್ತು, 'ಇಲಿಯಡ್' ಭುವನಸುಂದರಿಯ ಕಥೆಯಾಗಿತ್ತು.

ಈಚೆಗೆ ಮತ್ತೆ ಓದಿದೆ. ಕಥೆ ಒಂದಿಷ್ಟೂ ಹಳಸಿಲ್ಲ!

ಒಕ್ಕಣ್ಣ ರಾಕ್ಷಸನ ಪ್ರಸಂಗವನ್ನೇ ನೋಡಿ. ಹೋಮರನ ಮೂಲದಲ್ಲಿ ನಾಯಕ ತನ್ನ ಹೆಸರನ್ನು 'ಊಟಿಸ್' ಅನ್ನುತ್ತಾನೆ. ಅಂದರೆ 'ಯಾರೂ ಅಲ್ಲ'. ಕಣ್ಣು ಕಳೆದುಕೊಂಡ ರಾಕ್ಷಸ ಬೊಬ್ಬೆ ಹೊಡೆದಾಗ, ನಿನಗೆ ತೊಂದರೆ ಕೊಟ್ಟವರು ಯಾರೆಂದು ನೆರೆಯವರು ಕೇಳುತ್ತಾರೆ. 'ಯಾರೂ ಅಲ್ಲ' ಅನ್ನುತ್ತಾನೆ ಪಾಪದವನು. ನೆರೆಯವರು ವಾಪಸ್ ಹೋಗುತ್ತಾರೆ. ಈ ಚಮತ್ಕಾರ ಕನ್ನಡದಲ್ಲಿ ಕೂದಲೂ ಕೊಂಕದೆ ನಿಲ್ಲುತ್ತದೆ. ಕನ್ನಡಕ್ಕೆ ಶಕ್ತಿಯಿಲ್ಲ ಅನ್ನುವವರು ಇದಕ್ಕೇನು ಹೇಳುತ್ತಾರೆ?

ಚಂದಮಾಮ ಹುಟ್ಟಿದ್ದು 1947ರಲ್ಲಿ, ತೆಲುಗು ಮತ್ತು ತಮಿಳಿನಲ್ಲಿ. ಕನ್ನಡಕ್ಕೆ ಬಂದದ್ದು 1949ರಲ್ಲಿ. ಅಚ್ಚಾಗುತ್ತಿದ್ದದ್ದು ಮದರಾಸಿನಲ್ಲಿ! ಮದರಾಸಿನ ಮುದ್ರಣಾಲಯಕ್ಕೆ ಕನ್ನಡದ ಮಕ್ಕಳು ಓದುಗರಾಗಿ ಕಂಡರು. ಇವತ್ತು ಬೆಂಗಳೂರಿನಲ್ಲೇ ಕೂತ ನಮ್ಮ ಪ್ರಕಾಶಕರಿಗೆ ಹತ್ತು ವರ್ಷದ ಹುಡುಗ ಯಾಕೆ ಕಾಣುವುದಿಲ್ಲ? ಚಂದಮಾಮ ನಿಂತು ಹತ್ತು ವರ್ಷದ ಮೇಲಾಯಿತು. ಆ ಜಾಗ ಇನ್ನೂ ಖಾಲಿ ಬಿದ್ದಿದೆ.

ಒಂದು ಕೊರತೆಯನ್ನೂ ಹೇಳಲೇಬೇಕು. ಒಡಿಸ್ಯೂಸ್ ರೂಪಧರನಾದ, ಕಥೆ ನಮ್ಮದಾಯಿತು, ಸರಿ. ಆದರೆ ಇದು ಹೋಮರನದೆಂದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಮೂಲವನ್ನು ಹೇಳಿಯೂ ಕಥೆಯನ್ನು ನಮ್ಮದಾಗಿಸಬಹುದು. ಹಾಗೆ ಮಾಡಿ ತೋರಿಸಿದವರು ನಮ್ಮ ಜಿಲ್ಲೆಯವರೇ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀಕಂಠಯ್ಯನವರು. ಸೊಫೊಕ್ಲಿಸನ 'ಏಜಾಕ್ಸ್' ನಾಟಕದ ಅಚ್ಚಿಗೆ ಮಹಾಭಾರತದ ಅಶ್ವತ್ಥಾಮನನ್ನು ತಂದು 1929ರಲ್ಲಿ 'ಅಶ್ವತ್ಥಾಮನ್' ಕೊಟ್ಟರು. ಚಿರಂಜೀವಿ ಎಂದು ಲೋಕ ನಂಬಿದವನು ಅಲ್ಲಿ ಸಾಯುತ್ತಾನೆ! ಎಷ್ಟು ಧೈರ್ಯ ನೋಡಿ. 1935ರಲ್ಲಿ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಮಾಡಿದರು.

ಹತ್ತು ವರ್ಷದೊಳಗೆ ಸಾಹಸದ ಕಥೆ ಯಾವ ಭಾಷೆಯಲ್ಲಿ ಸಿಗುತ್ತದೋ ಮಗುವಿನ ಕನಸು ಆ ಭಾಷೆಯದಾಗುತ್ತದೆ. ಆಮೇಲೆ ಬೋರ್ಡಿಗೆ ಮಸಿ ಬಳಿದರೂ ಅದು ವಾಪಸ್ ಬರುವುದಿಲ್ಲ. ಅದಕ್ಕೇ ಈ ಕೂಗು. ನೀವು ಮೆಚ್ಚಿದ ಸರಣಿ ಕನ್ನಡಕ್ಕೆ ಬರಲಿ ಎಂದು ಪ್ರಕಾಶಕರಿಗೆ ಬರೆಯಿರಿ. ಅನುವಾದಕ್ಕೆಂದೇ ಇರುವ ಕುವೆಂಪು ಭಾಷಾ ಭಾರತಿ ಪ್ರಾಧಿಕಾರಕ್ಕೆ ಮಕ್ಕಳ ಸಾಹಸ ಕಥೆಗಳನ್ನು ಕೇಳಿ. ಎರಡು ಭಾಷೆ ಬಲ್ಲವರು ನೀವೇ ಅನುವಾದಕ್ಕೆ ಕೂರಿ.

ಆ ನಾಯಕ ಗುಹೆಯಿಂದ ಪಾರಾಗಲು ತಾನು ಯಾರೂ ಅಲ್ಲ ಅಂದ. ದೋಣಿ ಹತ್ತಿದ ಮೇಲೆ ತನ್ನ ಹೆಸರನ್ನು ಕೂಗಿ ಹೇಳಿದ, ಅದಕ್ಕೆ ಕಷ್ಟವನ್ನೂ ತಿಂದ. ನಾವು ಇನ್ನೂ ಗುಹೆಯಲ್ಲೇ ಕೂತು 'ಯಾರೂ ಅಲ್ಲ' ಅನ್ನುತ್ತಿದ್ದೇವೆ. ಹೆಸರು ಕೂಗುವುದು ಯಾವಾಗ?