ಡೇರೆ ಇರಲಿ, ಬೆಂಕಿ ಬೇಡ

ಅಡಿಕೆ ಕೊಯ್ಲು, ಸುಲಿತ ಮುಗಿದ ಮೇಲೆ ಮನೆಮಂದಿಯೆಲ್ಲ ನಾಲ್ಕು ದಿನ ತಿರುಗಿ ಬರುವುದು ಒಳ್ಳೆಯದೇ. ಮುಂಡಗೋಡದಲ್ಲಿ ಅತ್ತಿವೇರಿ ಪಕ್ಷಿಧಾಮ, 1966ರ ಟಿಬೆಟನ್ ವಸಾಹತು. ಹಳಿಯಾಳ ದಾಟಿದರೆ ದಾಂಡೇಲಿ, ಮುಂದೆ ಜೋಯಿಡಾದ ಸೂಪಾ ಅಣೆಕಟ್ಟು. ಡೇರೆಯಲ್ಲಿ ಮಲಗಬೇಕೆಂಬ ಮಕ್ಕಳಿಗೆ ಕುಳಗಿಯಂಥ ಅರಣ್ಯ ಇಲಾಖೆಯ ಶಿಬಿರವಿದೆ.

ಆದರೆ ಕಂಡ ಹೊಳೆದಂಡೆಯಲ್ಲಿ ಡೇರೆ ಹೂಡಿ ಒಲೆ ಹಚ್ಚುವುದನ್ನು ನಾವು ಒಪ್ಪೆವು. ಕೊಯ್ಲು ಮುಗಿಯುವ ಹೊತ್ತಿಗೆ ಕಾಡೆಲ್ಲ ಒಣದರಕು; ಒಂದು ಕಿಡಿ ಸಾಕು. ದಾಂಡೇಲಿ, ಅಣಶಿ ಕಾಡು 2007ರಿಂದ ಹುಲಿ ಮೀಸಲು ಪ್ರದೇಶ. ಕಾನೂನು ಹಾಗಿರಲಿ, ತೋಟಕ್ಕೆ ಹೊದಿಸುವ ಸೊಪ್ಪು ಬರುವುದು ಬೆಟ್ಟದಿಂದ, ಬೇಸಿಗೆಯಲ್ಲಿ ಹಳ್ಳ ಹರಿಯುವುದು ಕಾಡಿನಿಂದ. ಪೇಟೆಯವರನ್ನು ಬಯ್ಯುವ ಮೊದಲು ನಮ್ಮ ಮಕ್ಕಳಿಗೆ ಕಲಿಸೋಣ: ಬುತ್ತಿ ಮನೆಯಿಂದ, ಒಲೆ ಶಿಬಿರದಲ್ಲಿ ಮಾತ್ರ.