ಯಳವತ್ತಿ ರಸ್ತೆಗೆ ಟ್ರೈ ಬೈಕ್ ಬೇಕಾ?

ಈ ಸಲ ದೀಪಾವಳಿ ರಜೆಗೆ ಯಳವತ್ತಿಗೆ ಹೋದಾಗ ದೊಡ್ಡಪ್ಪನ ಮನೇಲಿ ಜಗಳ ನಡೀತಾ ಇತ್ತು. ಆಸ್ತಿ ಜಗಳ ಅಲ್ಲ, ಸೈಕಲ್ ಜಗಳ. ಅಣ್ಣನಿಗೆ ಟ್ರಯಥ್ಲಾನ್ ಹುಚ್ಚು ಹಿಡಿದಿದೆ. 2019ರಿಂದ ಗೋವಾದಲ್ಲಿ ನಡೀತಿರೋ ಐರನ್‌ಮ್ಯಾನ್ 70.3 ಒಂದು ಸಲ ಮುಗಿಸ್ಬೇಕು ಅನ್ನೋದು ಅವನ ಕನಸು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಈಜು ಬಾವೀಲಿ ಕಲ್ತಿದ್ದಾನೆ, ಓಡೋಕೆ ಹೊಲದ ದಾರಿ ಇದೆ. ಸೈಕಲ್ಲಿಗೆ ಮಾತ್ರ ಎರಡು ಲಕ್ಷ ದಾಟೋ ಟ್ರೈ ಬೈಕೇ ಬೇಕಂತೆ.

"ಎರಡು ಲಕ್ಷಕ್ಕ ಜೋಡೆತ್ತು ಬರ್ತಾವಲ್ಲೋ!" ಅಂದ್ರು ದೊಡ್ಡಪ್ಪ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ನೀ ಇಂಜಿನಿಯರಿಂಗ್ ಓದಾಕತ್ತೀಯಲ್ಲ, ನೀನ ಹೇಳು" ಅಂದ್ರು.

ನಾನು ಅವತ್ತು ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ತರಬೇತಿಗೆ ಒಂದೇ ಸೈಕಲ್ ಕೊಳ್ಳೋಕೆ ದುಡ್ಡಿದ್ರೆ ಅದು ರೋಡ್ ಬೈಕ್ ಆಗಿರಬೇಕು.

ಮೊದಲು ಟ್ರೈ ಬೈಕಿನ ಪರವಾಗಿ ಮಾತಾಡ್ತೀನಿ, ಯಾಕಂದ್ರೆ ಅದು ಬರೀ ಶೋಕಿ ಅಲ್ಲ. ಅದರ ಸೀಟು ಮುಂದಕ್ಕಿರುತ್ತೆ. ರೋಡ್ ಬೈಕಲ್ಲಿ ಸೀಟ್ ಟ್ಯೂಬಿನ ಕೋನ ಸುಮಾರು 73 ಡಿಗ್ರಿ, ಇದರಲ್ಲಿ 76ರಿಂದ 80. ಹಾಗಾಗಿ ಮೈ ಬಗ್ಗಿಸಿ ಮೊಣಕೈ ಊರಿ ಕೂತ್ರೂ ಸೊಂಟ ಜಾಸ್ತಿ ಮಡಚಲ್ಲ. ಇಳಿದ ಮೇಲೆ ಓಡೋದು ಸ್ವಲ್ಪ ಸಲೀಸು ಅಂತಾರೆ. ಗಾಳಿಯ ಲೆಕ್ಕವೂ ನಿಜವೇ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೇ ದಿನ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದ. ಟ್ರಯಥ್ಲಾನ್‌ನಿಂದ ಬಂದ ಏರೋ ಬಾರ್ ಹಿಡಿದು 24.5 ಕಿ.ಮೀ. ತುಳಿದು, ಒಟ್ಟು 8 ಸೆಕೆಂಡಿನಿಂದ ಗೆದ್ದ.

ಆದ್ರೆ ಲೆಮಾಂಡ್‌ನ ವೇಗ ನಮ್ಮದಲ್ಲ. ಗಾಳಿಯನ್ನು ಸೀಳೋಕೆ ಬೇಕಾದ ಪವರ್ ವೇಗದ ಘನಕ್ಕೆ ಅನುಗುಣವಾಗಿ ಏರುತ್ತೆ, ಇದು ನಮಗೆಲ್ಲ ಗೊತ್ತು. ಡ್ರ್ಯಾಗ್ ಏರಿಯಾ 0.32ರಿಂದ 0.25 ಚದರ ಮೀಟರಿಗೆ ಇಳಿಯಿತು ಅಂತ ಇಟ್ಕೊಳ್ಳಿ, ಗಾಳಿಯ ಸಾಂದ್ರತೆ 1.1. ಗಂಟೆಗೆ 35 ಕಿ.ಮೀ. ವೇಗದಲ್ಲಿ ಸುಮಾರು 35 ವ್ಯಾಟ್ ಉಳಿಯುತ್ತೆ, 30ರಲ್ಲಿ 22 ವ್ಯಾಟ್. 20ರಲ್ಲಿ ಉಳಿಯೋದು ಬರೀ 7 ವ್ಯಾಟ್. ಹೊಸಬರು ತರಬೇತೀಲಿ ಹೆಚ್ಚು ಹೊತ್ತು ಎಷ್ಟು ವೇಗದಲ್ಲಿ ಇರ್ತಾರೆ ಅಂತ ನೀವೇ ಹೇಳಿ.

"ನಮ್ಮ ಕಡೆ ಗಾಳಿ ಜಾಸ್ತಿ ಐತಿ, ಅದಕ್ಕ ಏರೋ ಬೇಕು" ಅಂತ ಅಣ್ಣ ವಾದಿಸಿದ. ಅರ್ಧ ಸರಿ. ಎದುರುಗಾಳಿಗೆ ಬಗ್ಗಿ ಕೂತ್ರೆ ಖಂಡಿತ ಲಾಭ. ಗದಗ ಜಿಲ್ಲೆಯಲ್ಲಿ ಅಷ್ಟೊಂದು ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಆದ್ರೆ ಆಷಾಢದ ಗಾಳಿ ಯಾವಾಗ್ಲೂ ಎದುರಿಂದಾನೇ ಬೀಸಲ್ಲ, ರಸ್ತೆ ತಿರುಗಿದ್ರೆ ಪಕ್ಕದಿಂದ ಹೊಡೆಯುತ್ತೆ. ಆಗ ಎರಡೂ ಕೈ ಮುಂದೆ ಜೋಡಿಸ್ಕೊಂಡು ಮಲಗಿದಂಗೆ ಕೂತವನಿಗೆ ಹ್ಯಾಂಡಲ್ ನಿಭಾಯಿಸೋದು ಕಷ್ಟ.

ಅದಕ್ಕಿಂತ ದೊಡ್ಡ ವಿಷಯ ಬ್ರೇಕು. ಟ್ರೈ ಬೈಕಲ್ಲಿ ಬ್ರೇಕ್ ಇರೋದು ಹೊರಗಿನ ಬಾರಲ್ಲಿ. ಏರೋ ಬಾರ್ ಹಿಡಿದಾಗ ಕೈ ಬ್ರೇಕಿನ ಹತ್ರ ಇರಲ್ಲ. ಗೋವಾದ ರೇಸಿಗೆ ರಸ್ತೆ ಖಾಲಿ ಮಾಡಿಸ್ತಾರೆ, ಯಳವತ್ತಿಯಿಂದ ಲಕ್ಷ್ಮೇಶ್ವರಕ್ಕೆ ಹೋಗೋ ರಸ್ತೇನ ಅಣ್ಣನಿಗೋಸ್ಕರ ಯಾರು ಖಾಲಿ ಮಾಡಿಸ್ತಾರೆ? ನಾನು ಹೋದಾಗ ಗೋವಿನಜೋಳ ರಸ್ತೆ ಮೇಲೇನೇ ಒಣಗ್ತಾ ಇತ್ತು, ಗಾಡಿ ಹತ್ತಬಾರ್ದು ಅಂತ ಅಂಚಿಗೆ ಕಲ್ಲು ಇಟ್ಟಿದ್ರು. ಟ್ರ್ಯಾಕ್ಟರು, ಕುರಿ ಹಿಂಡು, ನಾಯಿ ಬೇರೆ. ರೈತರ ಮೇಲೆ ನನಗೆ ದೂರಿಲ್ಲ, ಕಣ ಇಲ್ಲದವರು ಇನ್ನೆಲ್ಲಿ ಒಣಗಿಸಬೇಕು? ಆ ರಸ್ತೇಲಿ ಬೆರಳು ಬ್ರೇಕ್ ಮೇಲೇ ಇರ್ಬೇಕು ಅಷ್ಟೆ.

ಇನ್ನೊಂದು ಮಾತು. ಗದಗ, ಬಾಗಲಕೋಟೆ, ವಿಜಯಪುರ ಕಡೆ ಸೈಕ್ಲಿಂಗ್ ಬರೀ ಹವ್ಯಾಸ ಅಲ್ಲ, ಮೆಡಲ್ ತಂದು ರೈಲ್ವೆ, ಸೇನೆ ಸೇರಿದವರ ದಾರಿ ಅದು. ಎಲ್ಲರೂ ಒಟ್ಟಿಗೆ ಹೊರಡೋ ರೋಡ್ ರೇಸಿಗೆ ಟ್ರೈ ಬೈಕ್ ಬಿಡಲ್ಲ. ಒಲಿಂಪಿಕ್ಸ್ ಟ್ರಯಥ್ಲಾನ್‌ನಲ್ಲೂ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಓಡಿಸಬಹುದು, ಹಾಗಾಗಿ ಅಲ್ಲೂ ರೋಡ್ ಬೈಕೇ. ಆದ್ರೆ ಗೋವಾದ ರೇಸಿಗೆ ರೋಡ್ ಬೈಕ್ ತಗೊಂಡು ಹೋದ್ರೆ ಯಾರೂ ತಡೆಯಲ್ಲ. ಅಂದ್ರೆ ಒಂದು ಸೈಕಲ್ಲಿಗೆ ಎಲ್ಲ ಬಾಗಿಲೂ ತೆಗೆದಿವೆ, ಇನ್ನೊಂದಕ್ಕೆ ಒಂದೇ ಬಾಗಿಲು.

"ರೇಸಲ್ಲಿ ಹೆಂಗ ಕೂರ್ತೀವೋ ಹಂಗ ಪ್ರಾಕ್ಟೀಸ್ ಮಾಡಬೇಕಲ್ಲ?" ಅಣ್ಣನ ಕೊನೇ ಪ್ರಶ್ನೆ ಇದು, ಒಳ್ಳೇ ಪ್ರಶ್ನೆ. ಇದಕ್ಕೆ ಕ್ಲಿಪ್-ಆನ್ ಬಾರ್ ಇದೆ. ಕೆಲವೇ ಸಾವಿರಕ್ಕೆ ಸಿಗುತ್ತೆ, ರೋಡ್ ಬೈಕಿಗೆ ಕೂರಿಸಿ ಸೀಟು ಸ್ವಲ್ಪ ಮುಂದೆ ತಳ್ಳಿದ್ರೆ ಆಯ್ತು. ಗಾಳಿಗೆ ಅಡ್ಡ ಬರೋದು ಹೆಚ್ಚಾಗಿ ನಮ್ಮ ಮೈ, ಫ್ರೇಮ್ ಅಲ್ಲ. ಹಾಗಾಗಿ ಲಾಭದ ದೊಡ್ಡ ಪಾಲು ಇದರಲ್ಲೇ ಬರುತ್ತೆ. ರೇಸ್ ಹತ್ರ ಬಂದಾಗ, ಬೆಳಿಗ್ಗೆ ಖಾಲಿ ರಸ್ತೇಲಿ, ಕಣ್ಣಿಗೆ ದೂರದವರೆಗೆ ದಾರಿ ಕಾಣೋ ಕಡೆ ಮಾತ್ರ ಹಾಗೆ ಕೂತು ಅಭ್ಯಾಸ ಮಾಡ್ಲಿ. ಉಳಿದ ದುಡ್ಡಲ್ಲಿ ಹೆಲ್ಮೆಟ್, ಟೈರು, ರೇಸಿನ ಶುಲ್ಕ ಬರುತ್ತೆ. ನಾಲ್ಕು ವರ್ಷ ತುಳಿದು, ಸರಾಸರಿ 32 ದಾಟಿ, ಆಮೇಲೂ ಟ್ರೈ ಬೈಕ್ ಬೇಕು ಅನ್ಸಿದ್ರೆ ದೊಡ್ಡಪ್ಪನ ಹತ್ರ ನಾನೇ ಮಾತಾಡ್ತೀನಿ.

ಅಣ್ಣ ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟ ಸೈಕಲ್ ತುಳಿದೇ ಈ ಹುಚ್ಚು ಹತ್ತಿಸ್ಕೊಂಡವನು. ಇಂಗ್ಲಿಷ್ ಮೀಡಿಯಂ ಪ್ರೈವೇಟ್ ಶಾಲೆಯ ನನಗೆ ಆ ಸೈಕಲ್ ಸಿಗಲಿಲ್ಲ, ಹೊಟ್ಟೆ ಉರ್ಕೊಂಡಿದ್ದೆ. ಅದರಲ್ಲಿ ಗೇರ್ ಕೂಡ ಇರಲಿಲ್ಲ, ಆದ್ರೂ ಅವನನ್ನ ಹಿಡಿಯೋಕೆ ನನ್ನ ಕೈಲಿ ಆಗ್ತಿರಲಿಲ್ಲ.

ಅವನು ಇನ್ನೂ ಪೂರ್ತಿ ಒಪ್ಪಿಲ್ಲ. "ನೋಡೋಣು" ಅಂದಿದ್ದಾನೆ. ಕ್ಯಾಂಪಸ್ಸಲ್ಲಿ ಯಾರ ಹತ್ರನಾದ್ರೂ ಬಳಸದೇ ಬಿದ್ದಿರೋ ಕ್ಲಿಪ್-ಆನ್ ಬಾರ್ ಇದ್ರೆ ಸಂಕ್ರಾಂತಿ ರಜೆಗೆ ನನಗೆ ಕೊಡಿ. ಊರಿಗೆ ತಗೊಂಡು ಹೋಗಿ ಅವನಿಗೆ ತೋರಿಸ್ತೀನಿ.